ಮೂವತ್ತೊಂದನೇ ಬ್ಲಾಕಿನ ಸರದಿ

ತಾನು ಕೈ ಕಟ್ಟಿ ನಿಂತರೆ ಮೂವತ್ತೆರಡು ಸಾವಿರ ಜನ ಕಾಯುತ್ತಾರೆ ಎನ್ನುವುದು, ಇಪ್ಪತ್ತೆರಡು ವರ್ಷ ಕಳೆದರೂ, ವೆಲ್ಮಾ ಕಿಸ್ಲರ್‌ಗೆ ಪೂರ್ತಿ ನಂಬಿಕೆ ಬಂದ ಸಂಗತಿಯಾಗಿರಲಿಲ್ಲ. ವಾರದ ಐದು ದಿನ ಅವಳು ಸೆಲ್ಟನ್ ಊರಿನ ಲೈಸೆನ್ಸ್ ಕಚೇರಿಯಲ್ಲಿ ಹದಿನಾರು ವರ್ಷದವರ ಪಕ್ಕ ಕೂತು, ಅವರು ಕಾರನ್ನು ಹಿಂದಕ್ಕೆ ತೆಗೆಯುವ ಪಡಿಪಾಟಲು ನೋಡುತ್ತಿದ್ದಳು. ಅಲ್ಲಿ ನಿಲ್ಲಿಸು ಎಂದು ಕಿರುಚಿದರೂ ಅರ್ಧ ಮಂದಿ ನಿಲ್ಲಿಸುತ್ತಿರಲಿಲ್ಲ. ಶನಿವಾರದ ಮಾತೇ ಬೇರೆ. ಟಿವಿಯವರು ಕೊಟ್ಟ ಕೆಂಪು ಟೋಪಿ ಹಾಕಿ, ಬಲಗಿವಿಗೆ ಮಾತು ಕೇಳಿಸುವ ಒಂದು ಗುಂಡಿ ಸಿಕ್ಕಿಸಿ, ಕಾಲೇಜಿನ ಅಮೆರಿಕನ್ ಫುಟ್‌ಬಾಲ್ ಮೈದಾನದ ಅಂಚಿನಲ್ಲಿ ನಿಲ್ಲುತ್ತಿದ್ದಳು. ಕಿವಿಯೊಳಗೆ ಟಿವಿಯ ಕರ್ಟಿಸ್ ಜಾಹೀರಾತು ಎನ್ನುತ್ತಿದ್ದ. ಅವಳು ನಾಲ್ಕು ಹೆಜ್ಜೆ ಒಳಗೆ ಹೋಗಿ ಎದೆಯ ಮೇಲೆ ಕೈ ಕಟ್ಟುತ್ತಿದ್ದಳು. ರೆಫ್ರಿ ಅವಳನ್ನು ನೋಡಿ ಚೆಂಡನ್ನು ಕಂಕುಳಿಗೆ ಸೇರಿಸುತ್ತಿದ್ದ. ಮುನ್ನೂರು ಪೌಂಡು ತೂಗುವ ಆಟಗಾರರು ಬಾಯಿಂದ ಹಬೆ ಬಿಡುತ್ತ ನಿಂತಲ್ಲೇ ನಿಲ್ಲುತ್ತಿದ್ದರು. ದೇಶದ ಮನೆಮನೆಯಲ್ಲಿ ಆಗ ಟ್ರಕ್ಕು, ಬಿಯರು, ಮೊಣಕಾಲು ನೋವಿನ ಮಾತ್ರೆ. ಕರ್ಟಿಸ್ ‘ಬಂದೆವು’ ಎಂದ ಕೂಡಲೇ ಅವಳು ಕೈ ಇಳಿಸಬೇಕು. ಇಳಿಸಿದಳೆಂದರೆ ಜಗತ್ತು ಮತ್ತೆ ಹೊರಟಿತು. ಇದು ದೇವರ ಕೆಲಸ ಕಣೆ ಎಂದು ಡೇಲ್ ಒಮ್ಮೆ ಹೇಳಿ, ತಾನೇ ನಕ್ಕು, ದೇವರಿಗೆ ಊಟದ ಕೂಪನ್ ಕೊಡಲ್ಲ ಅಷ್ಟೇ ಎಂದು ಸೇರಿಸಿದ್ದ. ಡೇಲ್ ಅವಳ ಗಂಡ. ತೀರಿಹೋಗಿ ಆರು ವರ್ಷವಾಯಿತು.

ಈ ಬೆಳಿಗ್ಗೆ ಕೋಟಿನ ಒಳಜೇಬಿನಲ್ಲಿ ಮಡಿಸಿದ ಒಂದು ಕಾಗದ ಇತ್ತು, ಮತ್ತು ಅದು ಅಲ್ಲಿದೆ ಎಂಬುದನ್ನು ಅವಳು ಕ್ಷಣಕ್ಕೊಮ್ಮೆ ಮುಟ್ಟಿ ನೋಡಿಕೊಳ್ಳುತ್ತಿದ್ದಳು. ನವೆಂಬರ್ ಕೊನೆಯ ಶನಿವಾರ. ಕೊಯ್ದ ಗೋಧಿ ಗುಡ್ಡಗಳ ಮೇಲೆ ಹಿಮ ಇನ್ನೂ ಬಿದ್ದಿಲ್ಲ, ನೆಲ ಮಾತ್ರ ಕಲ್ಲಾಗಿದೆ. ಕಡಲ ತೀರದ ಪೋರ್ಟ್ ಏಡನ್ ಕಾಲೇಜಿನ ಜೊತೆ ಸೆಲ್ಟನ್ ಆಡುತ್ತಿದ್ದುದು ನೂರ ಏಳನೇ ಆಟ; ಇದೇ ಕೊನೆ. ಬೇಸಿಗೆಯಲ್ಲಿ, ಕೊಯ್ಲು ನಡೆದಿದ್ದಾಗ, ಪಶ್ಚಿಮದ ಹಳೆಯ ಆಟದ ಒಕ್ಕೂಟದ ಹತ್ತು ಕಾಲೇಜುಗಳಲ್ಲಿ ಎಂಟು ಹನ್ನೊಂದೇ ದಿನಗಳಲ್ಲಿ ಎದ್ದು ಪೂರ್ವದ ದೊಡ್ಡ ಒಕ್ಕೂಟಕ್ಕೆ ಹೋಗಿಬಿಟ್ಟವು. ಆ ಒಕ್ಕೂಟಕ್ಕೆ ಟಿವಿಯವರು ಕೊಡುವುದಾಗಿ ಒಪ್ಪಿದ ಹಣದ ಮೊತ್ತವನ್ನು ರೇಡಿಯೋದವನು ಓದುವಾಗ ತಡವರಿಸಿದ್ದ. ಅದನ್ನು ಕೇಳಿ ಕಟಾವು ಯಂತ್ರ ನಿಲ್ಲಿಸಿ ಹೊಲದ ನಡುವೆ ಇಳಿದು ನಿಂತವರಿದ್ದರು. ಉಳಿದ ಎರಡು ಕಾಲೇಜುಗಳು, ಮದುವೆ ಮುಗಿದ ಮೇಲೆ ಕುರ್ಚಿ ಮಡಿಸಲು ಉಳಿದವರ ಹಾಗೆ, ಮುಖ ಮುಖ ನೋಡಿಕೊಂಡವು. ಅದರಲ್ಲಿ ಸೆಲ್ಟನ್ ಒಂದು; ಪೋರ್ಟ್ ಏಡನ್ ಎದ್ದುಹೋದವುಗಳ ಪೈಕಿ. ಊರೆಲ್ಲ ಬೈದಿತು. ವೆಲ್ಮಾಳೂ ಬೈದಿದ್ದಳು, ಬಾಯ್ತುಂಬ, ಅಂಗಡಿಯ ಸಾಲಿನಲ್ಲಿ ನಿಂತು ಎಲ್ಲರಿಗೂ ಕೇಳುವ ಹಾಗೆ. ಒಳಗೊಳಗೆ ಮಾತ್ರ ಅವಳಿಗೆ ಒಂದು ಬೆರಗಿತ್ತು, ಹೇಳಿಕೊಳ್ಳಲಾಗದ್ದು: ಹನ್ನೊಂದು ದಿನದ ಫೋನ್ ಕರೆಗಳಲ್ಲಿ ನೂರು ವರ್ಷದ ನಂಟು ಕಿತ್ತು ಬರುವಷ್ಟು ಬಲ ಯಾವುದಕ್ಕಿದೆಯೋ, ಆ ಬಲದ ಒಂದು ಸಣ್ಣ ತುದಿ ತನ್ನ ಬಲಗಿವಿಯಲ್ಲಿದೆ.

ಕಾಗದ ಅಲ್ಲಿಂದಲೇ ಬಂದದ್ದು. ಮುಂದಿನ ವರ್ಷದಿಂದ ಪೋರ್ಟ್ ಏಡನ್ನಿನ ಮೈದಾನಕ್ಕೆ ಬಾ, ತೊಂಬತ್ತು ಸಾವಿರ ಜನ ಕೂರುವ ಜಾಗ, ದೇಶದ ಅರ್ಧ ನೋಡುವ ಆಟಗಳು. ನಿನ್ನಂಥ ಕೈ ನಮಗೆ ಬೇಕು ಎಂದು ಬುಧವಾರ ಕರ್ಟಿಸ್ ಫೋನಿನಲ್ಲಿ ಹೇಳಿದ್ದ. ಅವಳು ಹೂಂ ಎಂದಿದ್ದಳು. ಯೋಚಿಸಿ ಹೇಳುತ್ತೇನೆ ಎಂದುಕೊಂಡೇ ಬಾಯಿ ತೆರೆದದ್ದು, ಹೊರಗೆ ಬಂದದ್ದು ಹೂಂ. ಸೋಮವಾರದೊಳಗೆ ಸಹಿ ಹಾಕಿ ಕಳಿಸಬೇಕು. ಇದನ್ನು ಊರಿನಲ್ಲಿ ಯಾರಿಗೂ ಅವಳು ಹೇಳಿರಲಿಲ್ಲ.

ಮೈದಾನದ ಹಿಂದಿನ ಬಯಲಿನಲ್ಲಿ ಓರಿನ್ ಶೆಫರ್ ತನ್ನ ಪಿಕಪ್ಪಿನ ಹಿಂಬದಿ ತೆರೆದು, ಬೀನ್ಸ್ ಸಾರಿನ ಹಂಡೆ ಇಟ್ಟುಕೊಂಡು ಕೂತಿದ್ದ. ಎಂಬತ್ತಮೂರು ವರ್ಷ, ಕಟಾವು ಯಂತ್ರ ರಿಪೇರಿ ಮಾಡಿ ಮಾಡಿ ಬಾಗಿದ ಬೆರಳುಗಳು. ಗ್ಯಾಲರಿಯ ಮೂವತ್ತೊಂದನೇ ಬ್ಲಾಕಿನಲ್ಲಿ ಡೇಲ್‌ನ ಪಕ್ಕದ ಸೀಟು ನಲವತ್ತು ವರ್ಷದಿಂದ ಅವನದು.

“ಬಾರಮ್ಮಾ ಟಿವಿ ರಾಣಿ. ಬನ್ನು ಹಾಕ್ಲಾ, ಇಲ್ಲ ಅದಕ್ಕೂ ಅವರನ್ನ ಕೇಳ್ಬೇಕಾ?”

“ಬನ್ನು ಕೊಡು, ಬಾಯಿ ಮುಚ್ಚು.”

“ಎರಡೂ ಒಟ್ಟಿಗೆ ಆಗಲ್ಲ ಕಣಮ್ಮ. ಹುಟ್ಟಿದಾಗಿಂದ ಪ್ರಯತ್ನ ಮಾಡ್ತಿದೀನಿ.” ದಾಲ್ಚಿನ್ನಿ ಬನ್ನನ್ನು ಸಾರಿನೊಳಗೆ ಅದ್ದಿ ಬಟ್ಟಲು ಅವಳ ಕೈಗಿಟ್ಟ. “ನಮ್ ಮೊಮ್ಮಗಳ ಮದುವೆ ಎಷ್ಟೊತ್ತಿಗೆ ಅಂತ ಆರು ದಿನ ಮುಂಚೆವರೆಗೂ ಗೊತ್ತಿರ್ಲಿಲ್ಲ. ಯಾಕೆ? ಆಟ ಎಷ್ಟೊತ್ತಿಗೆ ಅಂತ ನಿಮ್ಮೋರು ಹೇಳಿರ್ಲಿಲ್ಲ. ಪಾದ್ರಿ ಬಂದು ನನ್ನ ಕೇಳ್ತಾನೆ, ಟಿವಿಯವರು ಏನಂದ್ರು ಅಂತ. ದೇವರ ಕಡೆಯವನು, ಅವನೂ ಅವರನ್ನೇ ಕೇಳ್ಬೇಕು!”

“ಮುಂದಿನ ವರ್ಷದಿಂದ ಯಾರೂ ಕೇಳೋದು ಬೇಡ ಬಿಡು.”

“ಅದೇ. ಇನ್ನು ಯಾವಾಗ ಬೇಕಾದ್ರೂ ಮದುವೆ ಆಗ್ಬಹುದು.” ಅವನು ನಗಲಿಲ್ಲ. ಚಮಚವನ್ನು ಹಂಡೆಯ ಅಂಚಿಗೆ ತಟ್ಟಿ ಕೆಳಗಿಟ್ಟ. “ವೆಲ್ಮಾ, ಇವತ್ತು ಡೇಲ್‌ನ ಕೂಗ್ತೀನಿ.”

“ಆರು ವರ್ಷ ಆಯ್ತು. ಹಳೇದನ್ನ ಕೂಗೋ ಹಾಗಿಲ್ಲ.”

“ಸೀಟು ತುಂಬಿದ ಮೇಲೆ ಕೂಗೋ ಹಾಗಿಲ್ಲ ಅಂತ ಇರೋದು. ತುಂಬಿದ್ಯಾ? ವರ್ಷಾ ವರ್ಷಾ ನೀನೇ ದುಡ್ಡು ಕಟ್ಟಿ ಎರಡು ಸೀಟು ಹಾಗೇ ಇಟ್ಕೊಂಡಿದೀಯ. ನನ್ನ ಪಕ್ಕ ಎರಡು ತೂತು. ಗಾಳಿ ಬಡಿದು ಎಡಗಿವಿ ಹೋಯ್ತು ನಂದು.”

“ಅದರಲ್ಲೊಂದು ನಂದು.”

“ನಿಂದೇಯಾ? ಇಪ್ಪತ್ತೆರಡು ವರ್ಷದಲ್ಲಿ ಒಂದಿನ ಕೂತಿದೀಯಾ? ಬದುಕಿರೋರನ್ನ ಕೂಗೋ ಪದ್ಧತಿ ಇದ್ದಿದ್ರೆ ಮೊದಲು ನಿನ್ನೇ ಕೂಗ್ತಿದ್ದೆ.” ಆಮೇಲೆ ದನಿ ತಗ್ಗಿಸಿದ. “ಈ ವರ್ಷ ನಮ್ ಬ್ಲಾಕಲ್ಲಿ ಯಾರೂ ಹೋಗಿಲ್ಲ. ನಾನೊಬ್ಬ ಹೋಗ್ತೀನೇನೋ ಅಂತ ಕಾಯ್ತಿದ್ರು, ಕೈಕೊಟ್ಟೆ. ಸರದಿ ಖಾಲಿ ಇದೆ. ಡೇಲ್ ಒಬ್ಬನೇ. ಮೂರು ನಿಮಿಷ ಇಪ್ಪತ್ತೈದು ಸೆಕೆಂಡು ಕೊಡು ನಂಗೆ, ಸಾಕು.”

ಕೊಡುವುದು ನನ್ನ ಕೈಲಿಲ್ಲ ಎಂದು ಹೇಳಬೇಕೆಂದಿದ್ದಳು. ಆರು ವರ್ಷದಿಂದ ಅವಳು ತನಗೆ ತಾನೇ ಹೇಳಿಕೊಂಡು ಬಂದ ಮಾತು ಅದು. ಬಟ್ಟಲು ಖಾಲಿ ಮಾಡಿ, ಕೈ ಒರೆಸಿಕೊಂಡು, ಟೋಪಿ ತಲೆಗೇರಿಸಿ ಮೈದಾನದ ಕಡೆ ನಡೆದಳು. ದಾರಿಯಲ್ಲಿ ಯಾರೋ ಪರಿಚಯದವರು, “ಏ ಕೆಂಪು ಟೋಪಿ, ಬೇಗ ಬೇಗ ಬಿಡಮ್ಮ ಇವತ್ತು, ದನಕ್ಕೆ ಹುಲ್ಲು ಹಾಕೋದಿದೆ” ಎಂದು ಕೂಗಿದರು. ಹಾಗೆ ಕೂಗದ ಶನಿವಾರವೇ ಇಲ್ಲ. ಅವಳು ಮೈದಾನದೊಳಗೆ ಕಾಲಿಟ್ಟಾಗಲೆಲ್ಲ ಊರಿಗೆ ಊರೇ ಊಳಿಡುತ್ತಿತ್ತು, ಒಮ್ಮೊಮ್ಮೆ ಕಡಲೆಕಾಯಿ ಬಂದು ಬೆನ್ನಿಗೆ ಬೀಳುತ್ತಿತ್ತು. ಆದರೆ ವರ್ಷದ ಕೊನೆಯ ಆಟದಲ್ಲಿ, ನಾಲ್ಕರಲ್ಲಿ ಮೂರನೇ ಪಾಳಿ ಮುಗಿದ ಮೇಲಿನ ಆ ಒಂದು ಬಿಡುವಿನಲ್ಲಿ ಮಾತ್ರ ಯಾರೂ ಊಳಿಡುತ್ತಿರಲಿಲ್ಲ.

ಅದನ್ನು ಯಾರು ಶುರು ಮಾಡಿದರೋ ಗೊತ್ತಿಲ್ಲ. ಕೇಳಿದರೆ ಐದು ಜನ ಐದು ಕಥೆ ಹೇಳುತ್ತಾರೆ. ಟಿವಿ ಬರುವ ಮೊದಲು ಆ ಹೊತ್ತಿನಲ್ಲಿ ಬಿಡುವೇ ಇರಲಿಲ್ಲವಂತೆ, ಆಟಗಾರರು ಮೈದಾನದ ತುದಿ ಬದಲಿಸಿ ಆಡುತ್ತಿದ್ದರು. ಟಿವಿ ಬಂತು, ಮೂರು ನಿಮಿಷ ಇಪ್ಪತ್ತೈದು ಸೆಕೆಂಡು ಸುಮ್ಮನೆ ಕೂರಬೇಕಾಯಿತು. ಚಳಿ, ಕೆಲಸವಿಲ್ಲ, ಪಕ್ಕದಲ್ಲಿ ಖಾಲಿ ಸೀಟು. ಒಂದನೇ ಬ್ಲಾಕಿನಲ್ಲಿ ಯಾರೋ ಎದ್ದು ಆ ವರ್ಷ ತೀರಿಕೊಂಡ ಪಕ್ಕದವನ ಹೆಸರು ಕೂಗಿದರು, ಆ ಬ್ಲಾಕಿನವರು ಒಮ್ಮೆ ಕಾಲು ಅಪ್ಪಳಿಸಿದರು. ಈಗ ಅದು ಒಂದರಿಂದ ಮೂವತ್ತನಾಲ್ಕರವರೆಗೆ ಮೈದಾನವನ್ನು ಸುತ್ತಿ ಬರುತ್ತದೆ. ಧ್ವನಿವರ್ಧಕ ಇಲ್ಲ. ಪಕ್ಕದ ಸೀಟಿನವರೇ ಕೂಗಬೇಕು, ಮನೆಯವರು ಕೂಗುವಂತಿಲ್ಲ. ಹೆಸರಿಗೊಂದು ಹೆಜ್ಜೆ, ಅದೂ ಆಯಾ ಬ್ಲಾಕಿನವರದು ಮಾತ್ರ. ಒಬ್ಬೊಬ್ಬರಿಗೂ ಸಾವಿರ ಜನ ಅಲ್ಯುಮಿನಿಯಂ ಹಲಗೆಯ ಮೇಲೆ ಏಕಕಾಲಕ್ಕೆ ಕಾಲಿಡುವ ಸದ್ದು. ಸರದಿ ತಪ್ಪಿದರೆ ತಪ್ಪಿತು, ಹಿಂದಕ್ಕೆ ಹೋಗುವುದಿಲ್ಲ. ದೇಶದಲ್ಲಿ ಇದನ್ನು ಒಬ್ಬರೂ ನೋಡಿಲ್ಲ, ಏಕೆಂದರೆ ಇದು ನಡೆಯುವುದೇ ಟಿವಿ ಕಣ್ಣು ಮುಚ್ಚಿದಾಗ. ಮುಂದಿನ ವರ್ಷದಿಂದ ಟಿವಿ ಇರುವುದಿಲ್ಲ, ಆದ್ದರಿಂದ ಬಿಡುವೂ ಇರುವುದಿಲ್ಲ. ಈ ಯೋಚನೆ ಬಂದಾಗ ವೆಲ್ಮಾಳಿಗೆ ತಲೆ ತಿರುಗಿದ ಹಾಗಾಗುತ್ತಿತ್ತು: ಊರಿನ ಅತ್ಯಂತ ಸ್ವಂತದ ಸಂಗತಿಯನ್ನು ಕೊಟ್ಟದ್ದೂ ಅವರೇ, ಗೊತ್ತಿಲ್ಲದೆ, ಒಯ್ಯುತ್ತಿರುವುದೂ ಅವರೇ, ಗೊತ್ತಿಲ್ಲದೆ.

ಕೆಳಗೆ ಹುಲ್ಲಿನ ಮೇಲೆ ನಿಂತವರಿಗೆ ಹೆಸರುಗಳು ಕೇಳುವುದಿಲ್ಲ. ಕೇಳುವುದು ಅಂಗಾಲಿಗೆ. ಇಪ್ಪತ್ತೆರಡು ವರ್ಷ ಅವಳು ಹೆಜ್ಜೆಗಳನ್ನು ಅಂಗಾಲಿನಲ್ಲಿ ಎಣಿಸಿದ್ದಳು: ಹದಿಮೂರು, ಹದಿನಾಲ್ಕರಲ್ಲಿ ಎರಡು, ಹದಿನೈದು ಖಾಲಿ. ಡೇಲ್ ತೀರಿಕೊಂಡ ವರ್ಷವೂ ಹಾಗೇ ಎಣಿಸುತ್ತಿದ್ದಳು. ಅವನನ್ನು ಆಸ್ಪತ್ರೆಯಲ್ಲಿ ಕಳೆದುಕೊಂಡು ಐದು ವಾರ. ಬೇಡ, ಈ ವಾರ ಬರಬೇಡ ಎಂದು ಎಲ್ಲರೂ ಹೇಳಿದ್ದರು. ಅವನ ಹೆಜ್ಜೆಯನ್ನು ಅಂಗಾಲಿನಲ್ಲಿ ಹಿಡಿಯಲೆಂದೇ ಅವಳು ಬಂದಿದ್ದಳು. ಹೆಸರುಗಳು ಇಪ್ಪತ್ತನಾಲ್ಕನೇ ಬ್ಲಾಕಿನಲ್ಲಿದ್ದಾಗ ಕಿವಿಯಲ್ಲಿ ಕರ್ಟಿಸ್, “ಮುಂಚೆ ಬರ್ತಿದೀವಿ ವೆಲ್ಮಾ, ಸಮಯ ಮೀರಿದೆ, ಬಂದ್ವಿ, ಬಿಡು” ಎಂದ. ಅವಳು ತಲೆಯೆತ್ತಿ ನೋಡಿದಳು. ದೂರದಲ್ಲಿ ಓರಿನ್ ಆಗಲೇ ಎದ್ದು ನಿಂತಿದ್ದ, ಸರದಿ ಬರುವ ಮೊದಲೇ, ಟೋಪಿ ಎದೆಗೊತ್ತಿಕೊಂಡು, ಬಾಯಿ ತೆರೆದು. ಅವಳು ಕೈ ಇಳಿಸಿದಳು. ಯಾರೂ ಬಲವಂತ ಮಾಡಿರಲಿಲ್ಲ, ಯಾರೂ ಅವಳ ಕೈ ಹಿಡಿದು ಎಳೆದಿರಲಿಲ್ಲ; ಕೈ ತಾನಾಗಿ ಇಳಿದಿತ್ತು, ಒಳ್ಳೆಯ ಕೆಲಸಗಾರರ ಕೈ ಇಳಿಯುವ ಹಾಗೆ. ಚೆಂಡು ಹಾರಿತು. ಓರಿನ್‌ನ ಬಾಯಿ ಮುಚ್ಚಿದ್ದನ್ನೂ ಅವಳು ನೋಡಿದಳು. ಊರಿನವರು ಟಿವಿಯವರನ್ನು ಬೈದರು. ಮೂವತ್ತಮೂರನೇ ಬ್ಲಾಕಿನ ಶೆರಿಲ್, ಆ ವರ್ಷ ಅಪ್ಪನನ್ನು ಕಳೆದುಕೊಂಡವಳು, ಮಾತ್ರ ಆಮೇಲೆ ವೆಲ್ಮಾಳನ್ನು ಮಾತಾಡಿಸಲಿಲ್ಲ. ಮಗಳ ಲೈಸೆನ್ಸಿಗೆಂದು ಕಚೇರಿಗೆ ಬಂದಾಗಲೂ ಪಕ್ಕದ ಕಿಟಕಿಗೆ ಹೋಗಿ ನಿಂತಿದ್ದಳು. ಅವಳದು ಹಟ ಎಂದು ವೆಲ್ಮಾ ಅಂದುಕೊಂಡಿದ್ದಳು. ದುಃಖ ಇದ್ದದ್ದು ತನಗೊಬ್ಬಳಿಗೆ ಎಂಬ ಹಾಗೆ.

ಆಟ ಶುರುವಾಗಿ ಒಂದೂವರೆ ಗಂಟೆಯಾಗಿತ್ತು. ಯಾರು ಮುಂದಿದ್ದಾರೆ ಎಂಬುದು ಅವಳಿಗೆ ಸರಿಯಾಗಿ ತಲೆಗೆ ಹೋಗಿರಲಿಲ್ಲ. ಬಿಸಿಲು ಬಿದ್ದಿತ್ತು, ಕಾವಿರಲಿಲ್ಲ. ಉತ್ತರದ ಗ್ಯಾಲರಿಯ ಹಿಂದೆ ಟಿವಿಯ ಎರಡು ಬಿಳಿ ಲಾರಿಗಳಿದ್ದವು, ಕರ್ಟಿಸ್ ಅವುಗಳಲ್ಲಿರಲಿಲ್ಲ. ಅವನಿದ್ದದ್ದು ದೇಶದ ಆಚೆ ದಡದಲ್ಲಿ, ಕಿಟಕಿಯಿಲ್ಲದ ಒಂದು ಕೋಣೆಯಲ್ಲಿ, ನಲವತ್ತು ಪರದೆಗಳ ಮುಂದೆ. ಅಲ್ಲಿಂದ ಅವನ ಮಾತು ಆಕಾಶಕ್ಕೆ ಹೋಗಿ ಇಲ್ಲಿಗಿಳಿದು, ಅವಳ ಕಿವಿಯಲ್ಲಿ ಉಸಿರಾಟದ ಸಮೇತ ಕೇಳುತ್ತಿತ್ತು. ಅವನು ಕೆಮ್ಮು ತಡೆದದ್ದು ಗೊತ್ತಾಗುತ್ತಿತ್ತು. ಒಂಬತ್ತು ವರ್ಷದಲ್ಲಿ ಅವನು ಊರಿಗೆ ಒಮ್ಮೆ ಬಂದಿದ್ದ. ಎಲ್ಲಿ ನಮ್ಮ ವೆಲ್ಮಾ ಎಂದು ಜೋರಾಗಿ ಕೇಳುತ್ತ ಬಂದು, ಅವಳನ್ನು ದಾಟಿ, ಕೆಂಪು ಶರಟು ಹಾಕಿದ್ದ ಪಾಪ್‌ಕಾರ್ನ್ ಮಾರುವವಳ ಕೈ ಕುಲುಕಿದ್ದ. ವೆಲ್ಮಾ ತಿದ್ದಲಿಲ್ಲ. ತಿದ್ದುವ ಅಭ್ಯಾಸವೂ ಇರಲಿಲ್ಲ. ಟಿವಿಯವರು ಕೊಟ್ಟ ತಂತಿ ಅವಳ ಕಿವಿಗೆ ಮಾತ್ರ, ಬಾಯಿಗಿಲ್ಲ. ಆಟದ ಹೊತ್ತಿನಲ್ಲಿ ಅವರು ಹೇಳಬಹುದು, ಅವಳು ಕೇಳಬಹುದು. ಆದರೂ, ಇಷ್ಟಾದರೂ, ಆ ದನಿ ಕಿವಿಗೆ ಬಿದ್ದ ಮೊದಲ ಕ್ಷಣದಲ್ಲಿ ಅವಳ ಬೆನ್ನು ನೆಟ್ಟಗಾಗುತ್ತಿತ್ತು. ಗೋಧಿ ಗುಡ್ಡಗಳ ನಡುವಿನ ಹನ್ನೆರಡು ಸಾವಿರ ಜನರ ಊರು. ಅದರಲ್ಲಿ ಬಂಗಾರದ ಹಲ್ಲು ಕಟ್ಟಿಸಿಕೊಂಡವರು ಕೂಡ ನಾಲ್ಕು ಜನರಿಲ್ಲ. ಅಂಥಲ್ಲಿ ನಿಂತಿರುವ ತನ್ನನ್ನು ಆಕಾಶ ಹೆಸರು ಹಿಡಿದು ಕರೆಯುತ್ತಿದೆ.

ಮೂರನೇ ಪಾಳಿ ಮುಗಿಯಲು ಎರಡು ನಿಮಿಷ ಉಳಿದಿದ್ದಾಗ ಕಿವಿಯೊಳಗೆ ಕರ್ಟಿಸ್ ಬಂದ.

“ವೆಲ್ಮಾ ಬಂಗಾರ, ಗಮನ ಇಟ್ಟು ಕೇಳು. ಆಟ ಎಳೀತಾ ಇದೆ. ಮೂರೂವರೆಗೆ ಪೂರ್ವದ ದೊಡ್ಡ ಆಟ ಶುರುವಾಗುತ್ತೆ, ಅದನ್ನ ಒಂದು ಸೆಕೆಂಡೂ ತಳ್ಳೋ ಹಾಗಿಲ್ಲ. ಅದಕ್ಕೆ ಈ ದೊಡ್ಡ ಬಿಡುವನ್ನ ಒಡೆದು ಹಂಚ್ತೀವಿ. ಇದು ತೊಂಬತ್ತು ಸೆಕೆಂಡು. ತೊಂಬತ್ತು, ಅಷ್ಟೇ. ಗೊತ್ತಾಯ್ತಾ?”

ಅವಳು ತಲೆಯಾಡಿಸಿದಳು. ಎಲ್ಲೋ ಒಂದು ಕ್ಯಾಮೆರಾ ಅವಳನ್ನು ನೋಡುತ್ತಿತ್ತು, ಅಷ್ಟು ಸಾಕಿತ್ತು. ತೊಂಬತ್ತು ಸೆಕೆಂಡಿಗೆ ಹೆಸರುಗಳು ಹದಿನೈದೋ ಹದಿನಾರೋ ಬ್ಲಾಕಿಗೆ ಬರುತ್ತವೆ. ಮೈದಾನದ ಆಚೆ ಬದಿಯಲ್ಲೇ ನಿಂತುಹೋಗುತ್ತವೆ. ಅವಳ ಕೈ ತಾನಾಗಿ ಕೋಟಿನ ಮೇಲೆ ಹೋಯಿತು, ಕಾಗದ ಇದ್ದಲ್ಲಿ. ಪೋರ್ಟ್ ಏಡನ್ನಿನ ಮೈದಾನವನ್ನು ಅವಳು ಒಮ್ಮೆ ನೋಡಿದ್ದಳು, ಡೇಲ್‌ನ ಜೊತೆ, ಮದುವೆಯಾದ ಹೊಸತರಲ್ಲಿ. ಅದರ ಒಂದು ಬದಿ ಕಡಲಿಗೆ ತೆರೆದಿತ್ತು, ದೋಣಿಗಳಲ್ಲಿ ಜನ ಆಟಕ್ಕೆ ಬರುತ್ತಿದ್ದರು. ಎಷ್ಟು ದೊಡ್ಡದಿತ್ತೆಂದರೆ ಇಬ್ಬರೂ ಮಾತಾಡದೆ ಮೆಟ್ಟಿಲ ಮೇಲೆ ನಿಂತುಬಿಟ್ಟಿದ್ದರು. ಇಲ್ಲೊಂದು ಕೆಲಸ ಸಿಕ್ಕರೆ ಬರ್ತೀಯಾ ಎಂದು ಡೇಲ್ ಕೇಳಿದ್ದ. ಅವಳು ಹೂಂ ಎಂದಿದ್ದಳು, ಥಟ್ಟನೆ, ಬುಧವಾರ ಎಂದ ಹಾಗೆಯೇ. ಅವನು, ನಾನು ಬರಲ್ಲಪ್ಪ, ನಂಗೆ ಕಡಲು ನೋಡಿದ್ರೆ ಯಾರೋ ಹೊಲ ಉಳೋದು ಮರೆತುಬಿಟ್ಟಿದಾರೆ ಅನ್ಸುತ್ತೆ ಎಂದಿದ್ದ. ಅವಳಿಗೆ ಆಗ ನಗು ಬಂದಿರಲಿಲ್ಲ, ಸಿಟ್ಟು ಬಂದಿತ್ತು. ಈಗ ಮೂವತ್ತನಾಲ್ಕು ವರ್ಷ ಬಿಟ್ಟು, ಆಟದ ನಡುವೆ, ನಗು ಬಂತು.

ಪಾಳಿ ಮುಗಿಯಿತು. “ಜಾಹೀರಾತು,” ಎಂದ ಕರ್ಟಿಸ್. ಅವಳು ನಾಲ್ಕು ಹೆಜ್ಜೆ ಒಳಗೆ ಹೋಗಿ ಕೈ ಕಟ್ಟಿದಳು.

ಊಳು ಬರಲಿಲ್ಲ. ಮೂವತ್ತೆರಡು ಸಾವಿರ ಜನ ಟೋಪಿ ತೆಗೆಯುವ ಸದ್ದು, ಅದೊಂದು ವಿಚಿತ್ರ ಸದ್ದು, ಗಾಳಿ ಗೋಧಿಯ ಮೇಲೆ ಹೊರಳಿದಂತೆ. ಆಮೇಲೆ ಅದೂ ಇಲ್ಲ. ಒಂದನೇ ಬ್ಲಾಕು. ಹೆಜ್ಜೆ. ಎರಡು. ಹೆಜ್ಜೆ, ಹೆಜ್ಜೆ. ಅಂಗಾಲಿನಿಂದ ಮೊಣಕಾಲಿಗೆ ಏರುವ ನಡುಕ. ರೆಫ್ರಿ ಓಯಾಮಾ ಹತ್ತು ಗಜ ದೂರದಲ್ಲಿ ಚೆಂಡು ಹಿಡಿದು ನಿಂತಿದ್ದ. ಹಳೆಯ ಒಕ್ಕೂಟದ ರೆಫ್ರಿ, ಹತ್ತೊಂಬತ್ತು ವರ್ಷದಿಂದ ಈ ಮೈದಾನಕ್ಕೆ ಬರುತ್ತಿದ್ದವನು, ಅವನಿಗೂ ಇದು ಕೊನೆ. ಹೊಸ ಒಕ್ಕೂಟಕ್ಕೆ ಅವರದೇ ರೆಫ್ರಿಗಳಿದ್ದಾರೆ. ಏಳು. ಎಂಟು. ಪೋರ್ಟ್ ಏಡನ್ನಿನ ಆಟಗಾರರು ಮೊದಲ ಸಲ ಇದನ್ನು ಕಾಣುವವರು, ಕತ್ತೆತ್ತಿ ಸುತ್ತ ನೋಡುತ್ತಿದ್ದರು, ಒಬ್ಬ ಹೆಲ್ಮೆಟ್ ತೆಗೆದ. ಹನ್ನೆರಡರಲ್ಲಿ ಮೂರು ಹೆಜ್ಜೆ. ಆ ಬ್ಲಾಕಿಗೆ ಈ ವರ್ಷ ಕೆಟ್ಟದಾಗಿತ್ತು. ಹದಿನೈದು.

“ಐದು, ನಾಲ್ಕು, ಮೂರು,” ಎಂದ ಕರ್ಟಿಸ್. “ಬಂದ್ವಿ. ಬಿಡು ವೆಲ್ಮಾ.”

ಹದಿನಾರು. ಹೆಜ್ಜೆ.

“ವೆಲ್ಮಾ. ಬಂದಿದೀವಿ. ನೇರ ಪ್ರಸಾರ. ಕೈ ಬಿಡು.”

ಕೈ ಇಳಿಯಲು ಹೊರಟದ್ದು ಅವಳಿಗೆ ಗೊತ್ತಾಯಿತು. ಭುಜದ ಸ್ನಾಯು ಸಡಿಲಾಗಿ, ಮೊಣಕೈ ಆಗಲೇ ತೂಕ ಕಳೆದುಕೊಂಡು, ಅಪ್ಪಣೆಗೆ ಕಾಯದ ಕೈ. ಆಗ ಅವಳು ಕೈಗಳನ್ನು ಕಂಕುಳೊಳಗೆ ತುರುಕಿ ಒತ್ತಿ ಹಿಡಿದಳು, ಚಳಿಯಾದವರ ಹಾಗೆ, ತನ್ನನ್ನು ತಾನೇ ಕಟ್ಟಿಹಾಕಿದ ಹಾಗೆ. ಹದಿನೇಳು.

“ಅವಳಿಗೆ ಕೇಳಿಸ್ತಿಲ್ವಾ? ಯಾರಾದ್ರೂ ನೋಡ್ರೋ. ವೆಲ್ಮಾ! ಇಡೀ ದೇಶ ನಿನ್ನೇ ನೋಡ್ತಾ ಇದೆ!”

ಅದು ನಿಜ. ಕೋಟಿ ಮನೆಗಳಲ್ಲಿ ಈಗ ಒಂದು ಕೆಂಪು ಟೋಪಿ, ಅರವತ್ತಮೂರು ವರ್ಷದ ಒಬ್ಬ ಹೆಂಗಸು, ಏನೂ ನಡೆಯದ ಒಂದು ಮೈದಾನ. ತಾನು ತಪ್ಪು ಮಾಡುತ್ತಿದ್ದೇನೆ, ಇದು ನಾಚಿಕೆಗೇಡು, ಯಾರೂ ಹೀಗೆ ಮಾಡಿಲ್ಲ ಎಂದು ಒಂದು ಮನಸ್ಸು ಬಡಬಡಿಸುತ್ತಿತ್ತು. ಇಪ್ಪತ್ತು. ಇಪ್ಪತ್ತೊಂದರಲ್ಲಿ ಎರಡು. ಓಯಾಮಾ ಅವಳತ್ತ ಬಂದ. ಸಮಯ ಅವನಿಗೂ ಗೊತ್ತಿತ್ತು, ಅವನ ಸೊಂಟದಲ್ಲೂ ಒಂದು ಗುಂಡಿ ಗುರ್ ಎಂದಿರಬೇಕು.

“ಏನು ವೆಲ್ಮಾ, ಮುಗೀಲಿಲ್ವಾ?”

“ಇಲ್ಲ.”

“ನನಗೇನೋ ಮುಗೀತು ಅಂತ ಹೇಳ್ತಿದಾರೆ.”

“ನನಗೂ ಅದೇ ಹೇಳ್ತಿದಾರೆ.”

ಅವನು ಗ್ಯಾಲರಿಯತ್ತ ಒಮ್ಮೆ ಕಣ್ಣು ಹಾಯಿಸಿದ. ಹೆಸರುಗಳು ಎಲ್ಲಿಗೆ ಬಂದಿವೆ, ಇನ್ನೆಷ್ಟಿವೆ ಎಂದು ಅಳೆಯುವ ಕಣ್ಣು. “ನನ್ನ ಬೂಟಿನ ದಾರ ಬಿಚ್ಚಿಹೋಗಿದೆ,” ಎಂದು ಹೇಳಿ, ಚೆಂಡನ್ನು ಹುಲ್ಲಿನ ಮೇಲಿಟ್ಟು, ಒಂದು ಮೊಣಕಾಲೂರಿ ಕೂತು, ಗಟ್ಟಿಯಾಗಿ ಕಟ್ಟಿದ್ದ ದಾರವನ್ನು ಬಿಚ್ಚತೊಡಗಿದ.

“ಬುಧವಾರ ನೀನು ಹೂಂ ಅಂದಿದ್ದೆ ವೆಲ್ಮಾ.” ಕರ್ಟಿಸ್‌ನ ದನಿ ಈಗ ಮೆತ್ತಗಾಗಿತ್ತು, ಕಿರುಚಾಟಕ್ಕಿಂತ ಅದು ಹೆಚ್ಚು ಹೆದರಿಸುವಂತಿತ್ತು. “ನಿನಗೋಸ್ಕರ ನಾನು ಹೋಗಿ ಮಾತಾಡಿದೀನಿ. ಯೋಚನೆ ಮಾಡು. ಈ ಕ್ಷಣ ಕೈ ಬಿಟ್ರೆ ಯಾರಿಗೂ ಏನೂ—”

ಇಪ್ಪತ್ತನಾಲ್ಕು. ಹೆಜ್ಜೆ.

ಇಪ್ಪತ್ತೈದು.

ಆರು ವರ್ಷದ ಹಿಂದೆ ಮುಗಿದುಹೋಗಿದ್ದ ಜಾಗವನ್ನು ಅವಳು ದಾಟಿದ್ದಳು. ಅವಳ ಕಣ್ಣು ತುಂಬಿತು, ಒರೆಸಿಕೊಳ್ಳಲು ಕೈಯಿರಲಿಲ್ಲ. ಕಿವಿಯೊಳಗೆ ಏನೋ ಆಗಿತ್ತು. ಕರ್ಟಿಸ್ ಮಾತು ನಿಲ್ಲಿಸಿದ್ದ. ಆ ಕಿಟಕಿಯಿಲ್ಲದ ಕೋಣೆಯಲ್ಲಿ ಯಾರೋ ಇನ್ನೊಬ್ಬರು, “ಅದೇನು ಸದ್ದು?” ಎಂದರು. ಕುರ್ಚಿಯೊಂದು ಕಿರುಗುಟ್ಟಿತು. ಆಟದ ವಿವರಣೆ ಹೇಳುವ ಇಬ್ಬರೂ ಬಾಯಿ ಮುಚ್ಚಿದ್ದರು, ಎಂದೂ ಮುಚ್ಚದವರು. ಇಪ್ಪತ್ತೇಳು. ಇಲ್ಲಿನ ಹೆಜ್ಜೆ ಅವಳ ಅಂಗಾಲಿಗೆ ಬಡಿದು, ಆಕಾಶಕ್ಕೆ ಹೋಗಿ, ಆ ಕೋಣೆಗಿಳಿದು, ಅಲ್ಲಿಂದ ಮತ್ತೆ ಅವಳ ಬಲಗಿವಿಗೆ ಬರುತ್ತಿತ್ತು, ಅರ್ಧ ಉಸಿರಿನಷ್ಟು ತಡವಾಗಿ, ಸಣ್ಣದಾಗಿ. ಹೀಗೆ ಪ್ರತಿಯೊಬ್ಬರಿಗೂ ಎರಡೆರಡು ಹೆಜ್ಜೆ ಬೀಳುತ್ತಿದ್ದವು, ಒಂದು ನೆಲದಿಂದ, ಒಂದು ಮೇಲಿನಿಂದ. ಇಷ್ಟು ದೊಡ್ಡದನ್ನು ಕಟ್ಟಿದ್ದಾರಲ್ಲ ಇವರು, ಎಂದುಕೊಂಡಳು. ಬಿಯರು ಮಾರಲು ಕಟ್ಟಿದರು, ಆದರೂ ಎಷ್ಟು ದೊಡ್ಡದು, ಸತ್ತವರ ಹೆಸರು ಹಿಡಿಸುವಷ್ಟು.

“ವೆಲ್ಮಾ,” ಎಂದ ಕರ್ಟಿಸ್, ತೀರ ಸಣ್ಣ ದನಿಯಲ್ಲಿ. “ಅದೇನು?”

ಅವಳು ಹೇಳುವಂತಿರಲಿಲ್ಲ. ತಂತಿ ಕಿವಿಗೆ ಮಾತ್ರ.

ಇಪ್ಪತ್ತೊಂಬತ್ತು. ಮೂವತ್ತು ಖಾಲಿ. ಅವಳು ತಲೆಯೆತ್ತಿದಳು. ಓರಿನ್ ಎದ್ದು ನಿಂತಿದ್ದ, ಟೋಪಿ ಎದೆಗೆ, ಬಾಯಿ ತೆರೆದು, ಪಕ್ಕದಲ್ಲಿ ಎರಡು ತೂತು. ದೂರಕ್ಕೆ ಅವನ ದನಿ ಬರಲಿಲ್ಲ. ಬಂದದ್ದು ಹೆಜ್ಜೆ. ಒಂದೇ ಒಂದು, ಸಾವಿರ ಕಾಲಿನದು, ಅವಳ ಅಂಗಾಲಿನಿಂದ ಏರಿ ಹಲ್ಲುಗಳವರೆಗೆ ಬಂದು ನಿಂತಿತು; ಅದು ಡೇಲ್. ಆಮೇಲೆ ಕಿವಿಯಲ್ಲಿ, ಮೇಲಿನಿಂದ, ಮತ್ತೊಮ್ಮೆ ಡೇಲ್. ಅವಳು ಬಿಟ್ಟ ಉಸಿರು ಬೆಳ್ಳಗೆ ಎದುರಿಗೇ ನಿಂತಿತ್ತು.

ಓರಿನ್ ಕೂರಲಿಲ್ಲ. ಬಾಗಿದ ಬೆರಳುಗಳಲ್ಲಿ ಟೋಪಿಯನ್ನು ಎತ್ತಿ, ಎರಡನೇ ಖಾಲಿ ಸೀಟಿನ ಮೇಲೆ ಒಮ್ಮೆ ಬಡಿದು, ಆಮೇಲೆ ಕೈಯನ್ನು ಪೂರ್ತಿ ಚಾಚಿ, ಕೆಳಗೆ, ಹುಲ್ಲಿನ ಕಡೆ, ನೇರವಾಗಿ ಅವಳತ್ತ ತೋರಿಸಿ, ಇನ್ನೊಂದು ಹೆಸರು ಕೂಗಿದ. ಬದುಕಿರುವವರನ್ನು ಕೂಗುವ ಪದ್ಧತಿ ಇಲ್ಲ. ಅವನ ಬ್ಲಾಕಿನಲ್ಲಿ ಯಾರೋ ನಕ್ಕರು, ನಗು ಪಕ್ಕದ ಬ್ಲಾಕಿಗೆ ಹೋಯಿತು, ಹೆಸರು ಬಾಯಿಂದ ಬಾಯಿಗೆ ಮೈದಾನವನ್ನು ಸುತ್ತಿತು, ಇಪ್ಪತ್ತೆರಡು ವರ್ಷ ಅವಳಿಗೆ ಊಳಿಟ್ಟ ಬಾಯಿಗಳಲ್ಲಿ. ಆಮೇಲೆ ನಗು ನಿಂತಿತು. ಎಷ್ಟು ನಿಂತಿತೆಂದರೆ ಕಂಬದ ಬಾವುಟದ ಹಗ್ಗ ಬಡಿಯುವುದು ಕೇಳಿಸಿತು. ಮತ್ತು ಒಂದು ಬ್ಲಾಕಲ್ಲ, ಮೂವತ್ತನಾಲ್ಕೂ ಬ್ಲಾಕು, ಪೋರ್ಟ್ ಏಡನ್ ಕಡೆಯ ಜನರೂ ಸೇರಿ, ಮೂವತ್ತೆರಡು ಸಾವಿರ ಜನ ಒಟ್ಟಿಗೆ ಕಾಲಿಟ್ಟರು.

ನೆಲ ಅವಳನ್ನು ಒಂದು ಕ್ಷಣ ಎತ್ತಿ ಇಳಿಸಿದ ಹಾಗಾಯಿತು. ಓಯಾಮಾ ಬೂಟಿನ ದಾರ ಕಟ್ಟಿ, ಮಂಡಿಗೆ ಕೈ ಊರಿ ಎದ್ದು, ಚೆಂಡನ್ನು ಎತ್ತಿಕೊಂಡು ಅವಳ ಮುಖ ನೋಡಿದ. ಅವಳಿಗೆ ಬೇಕಾದದ್ದು ಸಿಕ್ಕಿತ್ತು. ಈಗ ಕೈ ಇಳಿಸಬಹುದಿತ್ತು. ಕಿವಿಯಲ್ಲಿ ಕರ್ಟಿಸ್ ಏನೋ ಹೇಳಲು ಉಸ್ಸೆಂದು ಉಸಿರು ತೆಗೆದುಕೊಂಡ.

“ಆಯ್ತಾ?” ಎಂದ ಓಯಾಮಾ.

ಮೂವತ್ತಮೂರನೇ ಬ್ಲಾಕಿನಲ್ಲಿ, ಮೇಲಿನಿಂದ ನಾಲ್ಕನೇ ಸಾಲಿನಲ್ಲಿ, ಶೆರಿಲ್ ನಿಂತಿರುವುದು ಅವಳಿಗೆ ಕಾಣುತ್ತಿತ್ತು. ಅವಳ ಪಕ್ಕದಲ್ಲೂ ಒಂದು ಸೀಟು ಖಾಲಿಯಿತ್ತು. ಆರು ವರ್ಷದಲ್ಲಿ ವೆಲ್ಮಾ ಅದನ್ನು ಒಮ್ಮೆಯೂ ನೋಡಿರಲಿಲ್ಲ. ಆ ಸೀಟಿನ ಆಚೆ ಬದಿಯ ಮುದುಕ ಓರಿನ್‌ನನ್ನೇ ದಿಟ್ಟಿಸಿ ನೋಡಿ, ಮೆಲ್ಲಗೆ ತನ್ನ ಟೋಪಿ ತೆಗೆಯುತ್ತಿದ್ದ.

“ಇಲ್ಲ,” ಎಂದಳು ವೆಲ್ಮಾ. “ಇನ್ನೂ ಮೂರು ಬ್ಲಾಕು ಇದಾವೆ.”